ಖಾಲಿ ಮನೆಗಳ ಅಕ್ಕಾರು

ಹುಬ್ಬಳ್ಳಿಗೆ ಹೋದಾಗಲೆಲ್ಲ ದುರ್ಗದಬೈಲಿನ ಪೇಟೆಗೆ ಒಂದು ಸುತ್ತು ಹಾಕದಿದ್ದರೆ ನನ್ನ ಕಾಲು ಕೇಳುವುದಿಲ್ಲ. ಅವರು ತೀರಿಕೊಂಡ ಸುದ್ದಿ ಸಿಕ್ಕಿದ್ದೂ ಅಲ್ಲೇ, ಬದನೆಕಾಯಿ ಆರಿಸುತ್ತಿದ್ದಾಗ. ನಮ್ಮಿಬ್ಬರ ಕೈಯಲ್ಲೂ ಕಲಿತ ಹುಡುಗಿಯೊಬ್ಬಳು, ಈಗ ತಾನೂ ಮೊಮ್ಮಕ್ಕಳ ಕೈ ಹಿಡಿದು ತಿರುಗುವವಳು, ನನ್ನ ಗುರುತು ಹಿಡಿದು ನಿಂತಳು. "ನಿಮ್ಮ ಗೆಳತಿ ಅಕ್ಕಾರು ಹೋದ್ರಂತ್ರಿ, ಹ್ವಾದ ತಿಂಗಳ. ನಿಮಗ ಯಾರೂ ಹೇಳ್ಲಿಲ್ಲೇನ್ರಿ?" ಎಂದಳು. ಯಾರೂ ಹೇಳಿರಲಿಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿದೆ, ಬದನೆಕಾಯಿ ತೂಗಿಸಿಕೊಂಡೂ ಬಂದೆ. ಮನೆಗೆ ಬಂದು ಚೀಲ ಇಳಿಸಿದ ಮೇಲೆ ಅಳು ಬಂತು. ಅದರಲ್ಲಿ ದುಃಖ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳಿದ ಕೂಡಲೇ ನಮ್ಮ ಕಡೆಯ ಜನ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಕೇಳುತ್ತಾರೆ. ಅಡ್ಡಹೆಸರು ಹೇಳಿದಿರೋ, ಬಾಕಿಯೆಲ್ಲ ತಿಳಿದೇ ಬಿಟ್ಟಿತು ಎಂದು ತಲೆಯಾಡಿಸಿ ಎದ್ದು ಹೋಗುತ್ತಾರೆ. ಬಾಕಿಯನ್ನು ಹೇಳುವುದೇ ನನ್ನ ಕೆಲಸ.

ನಾನು ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಗೆ ಕಲಿಸಲು ಸೇರಿದ್ದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ. ಕಲಿಸುವ ಹೆಂಗಸರನ್ನು ನಮ್ಮಲ್ಲಿ ಅಕ್ಕಾರು ಎನ್ನುತ್ತಾರೆ. ಸಾಲೆಯಲ್ಲಿ ಐದಾರು ಮಂದಿ ಇದ್ದೆವು, ಆದರೆ ಬರೀ ಅಕ್ಕಾರು ಎಂದರೆ ಅವರೇ. ನನಗಿಂತ ಹತ್ತು ವರ್ಷ ದೊಡ್ಡವರು. ಗಿಡ್ಡ ಆಳು, ನಡಿಗೆ ಮಾತ್ರ ಬಿರುಸು. ಜೊತೆಗೆ ನಡೆಯುವವರು ಅರ್ಧ ಓಡಬೇಕಾಗುತ್ತಿತ್ತು. ಬಿಸಿಲಿರಲಿ ಮೋಡವಿರಲಿ ಬಗಲಲ್ಲಿ ಒಂದು ಕರಿ ಕೊಡೆ, ಬಾಯಲ್ಲಿ ನಾಲ್ಕು ಕಾಳು ಬಡೇಸೋಪು. ಏನಾದರೂ ಮನಸ್ಸಿಗೆ ಹಿಡಿಸಿದರೆ ಮೊದಲು ಸೆರಗು ಎಳೆದು ಸೊಂಟಕ್ಕೆ ಸಿಗಿಸುತ್ತಿದ್ದರು, ಜಗಳಕ್ಕೆ ನಿಂತವರ ಹಾಗೆ. ನಾಲ್ಕನೆಯ ಇಯತ್ತೆಗೆ ಗಣಿತ ಹೇಳುತ್ತಿದ್ದರು. ಅವರ ತರಗತಿಯಿಂದ ನಗು ಕೇಳಿಸಿದರೆ ಮುಖ್ಯ ಶಿಕ್ಷಕಿ ಹೆಡ್‌ಬಾಯಿಯವರಿಗೆ ತಲೆನೋವು ಬರುತ್ತಿತ್ತು. ಗಣಿತದಲ್ಲಿ ನಗುವಂಥದ್ದು ಏನಿದೆ ಎಂಬುದು ಆ ಪುಣ್ಯಾತ್ಮರಿಗೆ ನಿವೃತ್ತಿಯವರೆಗೂ ತಿಳಿಯಲಿಲ್ಲ.

ಅವರ ತಂದೆ ರೈಲ್ವೆಯಲ್ಲಿ ಕೂಲಿಯಾಗಿದ್ದವರು. ಹುಟ್ಟಿದ್ದು ಊರು ತನ್ನ ಪಕ್ಕಕ್ಕೆ ಕೂಡಿಸಿಕೊಳ್ಳದ ಕೇರಿಯಲ್ಲಿ. ಅಣ್ಣ ಬೌದ್ಧ ದೀಕ್ಷೆ ತಗೊಂಡು ಬಂದ ಮೇಲೆ ಇವರ ಮನೆಯಲ್ಲೂ ಬುದ್ಧನ ಪಟ ಬಂದಿತ್ತು. ಶಿಕ್ಷಕಿಯರ ಕೋಣೆಯ ಮೂಲೆಯಲ್ಲಿ ಕುಡಿಯುವ ನೀರಿನ ಹರವಿ ಇತ್ತು. ಅವರು ಅದರ ನೀರನ್ನು ಒಮ್ಮೆಯೂ ಕುಡಿದವರಲ್ಲ. ಕುಡಿಯಬೇಡಿ ಎಂದು ಯಾರೂ ಹೇಳಿರಲಿಲ್ಲ. ಕುಡಿಯಿರಿ ಎಂದೂ ಯಾರೂ ಹೇಳಿರಲಿಲ್ಲ. ಮನೆಯಿಂದ ಒಂದು ತಂಬಿಗೆ ತುಂಬಿಕೊಂಡು ಬರುತ್ತಿದ್ದರು. "ನನ್ನ ನೀರ ನನ್ನ ಕೂಡ ಬರತಾವ್ರಿ, ಸಾಕಿದ ನಾಯಿ ಬಂದಂಗ," ಎಂದು ನಗಾಡುತ್ತಿದ್ದರು. ಆ ನಗುವಿಗೆ ನಾವೆಲ್ಲ ಸಲೀಸಾಗಿ ಕೂಡಿಕೊಳ್ಳುತ್ತಿದ್ದೆವು.

ರವಿವಾರ ಬಂತೆಂದರೆ ಅವರು ಹಾಳುಬಿದ್ದ ಜಾಗ ಹುಡುಕಿಕೊಂಡು ಹೊರಡುತ್ತಿದ್ದರು. ಇದು ಅವರ ಹುಚ್ಚು. ಬೇರೆಯವರು ಸಿನೆಮಾಕ್ಕೆ ಹೋದ ಹಾಗೆ ಇವರು ಮುರಿದ ಕೋಟೆ ಗೋಡೆ, ಒಣಗಿದ ಬಾವಿ, ಬೀಗ ಜಡಿದ ಗೋದಾಮು ಅಂತ ಹೋಗುವರು. ನಾನೂ ಬೆನ್ನು ಹತ್ತಿದ್ದು ಬರೀ ಕುತೂಹಲಕ್ಕೆ. ಮೊದಲ ಸಲ ಕರೆದೊಯ್ದದ್ದು ರೈಲು ಹಳಿಯ ಆಚೆಗಿನ ಒಂದು ಜಿನ್ನಿಗೆ, ಅಂದರೆ ಅರಳೆಯಿಂದ ಬೀಜ ಬಿಡಿಸುವ ಕಾರ್ಖಾನೆಗೆ. ಅದು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮುರಿದ ಬಾಗಿಲ ಮುಂದೆ ನಿಂತು ಅಕ್ಕಾರು ಕೊಡೆ ಮಡಿಚಿದರು, ಚಪ್ಪಲಿ ಬಿಟ್ಟರು, ಒಳಗೆ ಮುಖ ಮಾಡಿ, "ಬರ್ಲೇನ್ರಿ?" ಎಂದರು. ಆಮೇಲೆ ಸ್ವಲ್ಪ ಹೊತ್ತು ಕಾದರು. ನನಗೆ ನಗು ತಡೆಯಲಾಗಲಿಲ್ಲ.

"ಯಾರದಾರ ಅಂತ ಕೇಳ್ತೀರಿ ಅಕ್ಕಾರ?"

"ಯಾರೂ ಇಲ್ಲಂತ ಗೊತ್ತೈತ್ರಿ. ಕೇಳೂದು ನನ್ನ ಪದ್ಧತಿ. ಇಲ್ಲೆ ಬ್ಯಾಡ ಅನ್ನಾವ್ರಿಲ್ಲ, ಅದು ಭಾಳ ಛಲೋ ಅನಸ್ತೈತಿ."

ಒಳಗೆ ಹೋದ ಮೇಲೆ ನಗು ನಿಂತಿತು. ಜೇಡರ ಬಲೆಗಳಿಗೆಲ್ಲ ಹಳೆಯ ಅರಳೆಯ ಎಳೆಗಳು ಸಿಕ್ಕಿಕೊಂಡು, ಮಾಡಿನಿಂದ ಯಂತ್ರಗಳ ತಲೆಯವರೆಗೂ ಬೆಳ್ಳನೆಯ ಪರದೆಗಳಾಗಿ ತೂಗುತ್ತಿದ್ದವು. ಒಡೆದ ಕಿಟಕಿಯಿಂದ ಬಿಸಿಲು ಬಂದು ಒಂದೊಂದೇ ಪರದೆ ಬೆಳಗಿ ಆರುತ್ತಿತ್ತು. ನಮ್ಮದು ಅರಳೆ ವ್ಯಾಪಾರದ ಮನೆ. ಅಂಡಿಗೆಗಟ್ಟಲೆ ಅರಳೆಯ ನಡುವೆ ಬೆಳೆದವಳು ನಾನು. ಅರಳೆ ಇಷ್ಟು ಚೆಂದ ಇರುತ್ತದೆಂದು ಅಲ್ಲಿಯತನಕ ನನಗೆ ಗೊತ್ತಿರಲಿಲ್ಲ. "ಹಾಳುಬಿದ್ದ ಜಾಗಾದಾಗ ಇದೆಲ್ಲಾ ಇರತೈತಿ ಅಂತ ನಿಮಗ ಹೆಂಗ ಗೊತ್ತಾತ್ರಿ?" ಎಂದು ಕೇಳಿದೆ.

"ಹಾಳ ಅನಬ್ಯಾಡ್ರಿ. ಅದಕ್ಕೀಗ ಸೂಟಿ, ರಜಾ ಅನ್ರಿ. ದುಡದ ದುಡದ ಸುಮ್ಮನ ಕುಂತೈತಿ. ಸುಮ್ಮನ ಕುಂತಾಗನ ಮಾರಿ ಖರೇ ಕಾಣಸ್ತೈತಿ."

ಒಮ್ಮೆ ಉಪ್ಪಿನಬೆಟಗೇರಿಗೆ ಹೋದೆವು. ಅಲ್ಲಿ ಪ್ಲೇಗಿನ ಕಾಲಕ್ಕೆ ಬಿಟ್ಟುಹೋದವರು ತಿರುಗಿ ಬಾರದ ಒಂದು ಮನೆ ಇತ್ತು. ಊರಿನ ಮುದುಕರೊಬ್ಬರು ದೂರದಿಂದಲೇ ಕೂಗಿದರು.

"ಯಾರವ್ವಾ ನೀವು? ಒಳಗ ಹಾವ ಇರತಾವು. ಯಾರ ಪೈಕಿ?"

ಯಾರ ಪೈಕಿ ಎಂದರೆ ಯಾವ ಜಾತಿ ಎಂದು ಅರ್ಥ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಾರು ತಡಮಾಡದೆ, "ಸಾಲಿ ಪೈಕಿರಿ ಕಾಕಾ," ಎಂದರು. ಮುದುಕರು ಒಂದು ಸಲ ತಲೆ ಕೆರೆದುಕೊಂಡು, "ಹಂಗಾರ ನೋಡಿಕೊಂಡು ಕಾಲಿಡ್ರೆವ್ವಾ," ಎಂದು ಹೋದರು.

ಮನೆಯ ಮಾಡು ಬಿದ್ದು ಅಡುಗೆಮನೆಯಲ್ಲಿ ಆಕಾಶವಿತ್ತು. ಬೀಸುಕಲ್ಲಿನ ಮೇಲೆ ಹೀರೆಯ ಬಳ್ಳಿ ಹಬ್ಬಿ ಹಳದಿ ಹೂ ಬಿಟ್ಟಿತ್ತು. ಒಲೆಯ ಮೇಲಿನ ಗೋಡೆ ಮಸಿ ಹಿಡಿದು ಕರ್ರಗಿತ್ತು. ಆ ಕರಿಯ ಮೇಲೆ ಗೆದ್ದಲು ಕೆಮ್ಮಣ್ಣಿನ ಗೆರೆ ಎಳೆದು, ಟಿಸಿಲೊಡೆದ ಒಂದು ಗಿಡವನ್ನೇ ಬರೆದು ಹೋಗಿತ್ತು. ಅಕ್ಕಾರು ಸೆರಗು ಸಿಗಿಸಿಕೊಂಡು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತೇ ಬಿಟ್ಟರು. ಯಾಕೆ ಇಂಥ ಜಾಗಗಳೇ ನಿಮಗೆ ಬೇಕು ಎಂದು ನಾನು ಕೇಳಿದ್ದು ಅಂದೇ. ಅವರು ಗೋಡೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಚೆಂದ ಇರೂದ ಚೆಂದನ ಅಲ್ರಿ, ಎಲ್ಲಿದ್ರೇನು? ಮತ್ತ ಇನ್ನೊಂದೈತಿ. ಮಂದಿ ಇರೂ ಮನಿ ಒಳಗ ಹೆಂಗಿರತಾವ ನನಗೇನ ಗೊತ್ತು? ಮಂದಿ ಹ್ವಾದ ಮ್ಯಾಲರ ನೋಡಬೇಕಲ್ಲ."

ಅಷ್ಟು ಸಾದಾ ಮಾತು. ನನಗೆ ಮಾತ್ರ ಅದು ಆ ದಿನವೆಲ್ಲ ಎದೆಯಲ್ಲಿ ಚುಚ್ಚುತ್ತಿತ್ತು. ಅದಕ್ಕೂ ಮೊದಲು ಅವರು ನಮ್ಮ ಮನೆಗೆ ಬಂದದ್ದುಂಟು, ಬಾಗಿಲ ಹೊರಗಿನ ಕಟ್ಟೆಯವರೆಗೆ. ಅಜ್ಜಿ ಮೇಲಿನಿಂದ ನೀರು ಸುರಿದು ಕೊಟ್ಟಿದ್ದಳು. ಅವರು ಬೊಗಸೆಯಲ್ಲಿ ಕುಡಿದು, ಬಾಯಿ ಒರೆಸಿಕೊಂಡು, ನಿಮ್ಮ ಬಾವಿ ನೀರು ಸಿಹಿ ಎಂದು ಹೊಗಳಿ ಹೋಗಿದ್ದರು.

ಮುಂದಿನ ಬೇಸಿಗೆಯಲ್ಲಿ ಆ ಅಜ್ಜಿ ತೀರಿಕೊಂಡಳು. ಮನೆಯ ಅಯ್ಯನವರು ಪಂಚಾಂಗ ನೋಡಿ, ತೀರಿಕೊಂಡ ಗಳಿಗೆಯ ನಕ್ಷತ್ರ ಸರಿಯಿಲ್ಲ, ಆರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮದು ದಿನಾ ಶಿವಪೂಜೆ ನಡೆಯುವ ಮನೆ. ನಕ್ಷತ್ರ ಗಿಕ್ಷತ್ರ ನಂಬಬಾರದೆಂದು ಮಠದಲ್ಲಿ ಪ್ರತಿವರ್ಷ ಕೇಳಿ, ತಲೆದೂಗಿ, ಪ್ರಸಾದ ಉಂಡು ಬರುವವರು. ಆದರೆ ಸಾವು ಮನೆಯ ಪಡಸಾಲೆಯಲ್ಲೇ ಮಲಗಿದ್ದಾಗ ಮಠದ ಮಾತು ಯಾರಿಗೆ ನೆನಪಿರುತ್ತದೆ? ದೇವರಕೋಣೆಯ ಜಗಲಿಯ ಮೇಲಿದ್ದ ದೇವರನ್ನು ಬುಟ್ಟಿಯಲ್ಲಿಟ್ಟುಕೊಂಡು, ಕೈಗೆ ಸಿಕ್ಕ ಪಾತ್ರೆ ಬಟ್ಟೆ ಕಟ್ಟಿಕೊಂಡು, ಬಾಗಿಲಿಗೆ ಕೀಲಿ ಹಾಕಿ, ಮೇಲೊಂದು ಜಾಲಿಮುಳ್ಳಿನ ಟೊಂಗೆ ಹಚ್ಚಿ ಹೊರಬಿದ್ದೆವು. ಕೇಶ್ವಾಪುರದಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಹಾಗೆ ಬಿಟ್ಟ ಮನೆಯೊಳಗೆ ಅವಧಿ ಮುಗಿಯುವತನಕ ಮನೆಯವರು ಯಾರೂ ಕಾಲಿಡುವಂತಿಲ್ಲ. ಹೊರಗಿನವರೂ ಹೆದರಿ ಇಡುವುದಿಲ್ಲ.

ಎಲ್ಲ ಸರಿ. ಆದರೆ ಮಾಳಿಗೆಯನ್ನು ಮರೆತಿದ್ದೆವು. ನಮ್ಮದು ಮಣ್ಣಿನ ಮಾಳಿಗೆ. ಮಳೆಗೆ ಮೊದಲು ಹುಲ್ಲು ಕಿತ್ತು, ಬಿರುಕಿಗೆ ಹೊಸ ಮಣ್ಣು ತುಂಬಿ ತುಳಿಯದಿದ್ದರೆ ನೀರು ನೇರ ಒಳಗೆ ಇಳಿಯುತ್ತದೆ. ಒಂದು ಮಳೆಗಾಲ ಹಾಗೇ ಬಿಟ್ಟರೆ ಗೋಡೆ ಕುಸಿಯುತ್ತದೆ. ಮಾಳಿಗೆಗೆ ಹತ್ತುವ ಏಣಿ ಇದ್ದದ್ದು ಮನೆಯ ಒಳಗೆ. ಪ್ರತಿ ವರ್ಷ ಮಣ್ಣು ಹಾಕುತ್ತಿದ್ದ ಆಳುಗಳು, "ಬ್ಯಾರೆ ಏನರ ಹೇಳ್ರಿ ಧಣ್ಯಾರ," ಎಂದು ಕೈಮುಗಿದರು. ಅಪ್ಪ ಎರಡು ದಿನ ಮೀಸೆ ತಿರುವುತ್ತ ಕುಳಿತಿದ್ದು, ಮೂರನೆಯ ದಿನ ನನ್ನನ್ನು ಕರೆದರು.

"ನಿಮ್ಮ ಸಾಲ್ಯಾಗ ಆ ಅಕ್ಕಾರದಾರಲ್ಲ, ಹಾಳ ಮನ್ಯಾಗೆಲ್ಲಾ ಹೋಗ್ತಾರ ಅಂತಿದ್ದೆಲ್ಲ ನೀ. ಅವರಿಗೊಂದ ಮಾತ ಕೇಳ ನೋಡೋಣ. ಅವರಿಗೇನ ಆಗೂದಿಲ್ಲ. ಅವರಿಗೆ ನಡೀತೈತಿ."

ಅವರಿಗೆ ನಡೆಯುತ್ತದೆ! ಮನೆಯಲ್ಲಿ ಜನ ಇರುವಾಗ ನಡೆಯದ್ದು, ಸಾವು ಇರುವಾಗ ನಡೆಯುತ್ತದೆ. ಅಪ್ಪ ಕೆಟ್ಟವರಲ್ಲ. ಆದರೆ ಆ ಮಾತಿನ ಅರ್ಥ ಅವರಿಗೇ ತಿಳಿದಿರಲಿಲ್ಲ. ತಿಳಿದು ಆಡಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಸಂಕೋಚದಿಂದಲೇ ಕೇಳಿದೆ. ಅಕ್ಕಾರ ಮುಖ ಅರಳಿತು. "ಖರೇ ಹೇಳ್ರಿ, ನಿಮ್ಮಪ್ಪಾರ ಕೀಲಿ ಕೊಡ್ತಾರ? ನನಗ?"

"ನಕ್ಷತ್ರದ್ದು ನಿಮಗೇನೂ ಅನಸೂದಿಲ್ಲೇನ್ರಿ?"

"ಅದಕ್ಕ ನನ್ನ ಪತ್ತೆ ಗೊತ್ತಿಲ್ಲ ಬಿಡ್ರಿ. ನಮ್ಮ ಓಣಿಗೆ ನಿಮ್ಮ ಅಯ್ಯನೋರೂ ಬರೂದಿಲ್ಲ, ನಿಮ್ಮ ನಕ್ಷತ್ರಾನೂ ಬರೂದಿಲ್ಲ."

ಅಣ್ಣನನ್ನು ಕರೆದುಕೊಂಡು ಬಂದು ಅವರು ಮಾಳಿಗೆಗೆ ಮಣ್ಣು ಹಾಕಿಸಿದರು. ಅಷ್ಟಕ್ಕೇ ಬಿಡಲಿಲ್ಲ, ಮಳೆ ಹಿಡಿದ ಮೇಲೆ ಪ್ರತಿ ರವಿವಾರ ಹೋಗಿ ಸೋರುತ್ತಿದೆಯೋ ನೋಡಿ ಬರುತ್ತಿದ್ದರು. ನಾನು ಎದುರು ಮನೆಯ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದೆ. ಅವರು ಕೊಡೆಯ ತುದಿಯಿಂದ ಮುಳ್ಳು ಸರಿಸಿ, ನಮ್ಮ ಬಾಗಿಲಲ್ಲೂ ಅದೇ ಪ್ರಶ್ನೆ ಕೇಳಿ, ಕಾದು, ಒಳಗೆ ಹೋಗುವರು. ಹೊರಗೆ ಬಂದು ನನಗೆ ನನ್ನ ಮನೆಯನ್ನು ವರ್ಣಿಸುವರು.

"ನಿಮ್ಮ ಪಡಸಾಲ್ಯಾಗ ಬೆಳಕಿಂಡಿ ಐತಲ್ರಿ, ಅದರಾಗಿಂದ ಬಿಸಲ ರೊಟ್ಟಿಯಂಗ ಗುಂಡಗ ಬೀಳತೈತಿ. ಹೊತ್ತ ಏರಿದಂಗ ಅದು ನೆಲದ ಮ್ಯಾಲ ಸರಕೋತ ಸರಕೋತ ಹೋಗಿ, ಕಂಬಾ ಹತ್ತತೈತಿ. ಗುಬ್ಬಿ ಬಂದು ಅದರಾಗ ಕುಂತು ಮೈ ಕಾಸ್ಕೊತಾವು. ನೋಡೀರೇನು ನೀವು ಎಂದರ?"

ನೋಡಿರಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದೆ. ಬಿಸಿಲು ಬೀಳುವ ಜಾಗದಲ್ಲಿ ನಾವು ಹಪ್ಪಳ ಒಣಗಿಸುತ್ತಿದ್ದೆವು.

ಶ್ರಾವಣದ ಒಂದು ರವಿವಾರ ಅವರು ಹೊರಗೆ ಬಂದಾಗ ಸೆರಗು ಸೊಂಟಕ್ಕೇರಿತ್ತು, ಕೈಗೆ ಸುಣ್ಣ ಹತ್ತಿತ್ತು. ಹಿಂದಿನ ವಾರದ ದೊಡ್ಡ ಮಳೆಗೆ ಅಜ್ಜಿಯ ಕೋಣೆಯ ಗೋಡೆ ತೇವ ಹಿಡಿದಿತ್ತು.

"ಸುಣ್ಣ ಹಪ್ಪಳದಂಗ ಎದ್ದು ಬೀಳಾಕತ್ತೈತ್ರಿ. ಅದರ ಕೆಳಗ ಹಸರ ಕಾಣಸ್ತು. ಪಾಚಿ ಇರಬೇಕು ಅನಕೊಂಡೆ. ಗಿಳಿ ರೀ! ಸಾಲಾಗಿ ಗಿಳಿ, ಕೆಂಪ ಚುಂಚ. ನಡನಡುವ ಮಾವಿನಕಾಯಿ ಗೊಂಚಲ. ಮದವಿ ಮನಿ ಗ್ವಾಡಿಗೆ ಬರಸ್ತಿದ್ರಲ್ಲ ಹಿಂದಕ, ಹಂಗ. ಎಲ್ಲಾ ಗಿಳಿ ಮುಂದ ನೋಡ್ತಾವು, ಒಂದು ಮಾತ್ರ ಹಿಂದಕ್ಕ ಹೊಳ್ಳಿ ನೋಡ್ತೈತಿ. ನಿಮ್ಮಜ್ಜಿ ಮದವೀಗಿ ಬರಸಿದ್ದು ಇರಬೇಕ್ರಿ. ಎಷ್ಟ ವರ್ಷ ಸುಣ್ಣದ ಕೆಳಗ ಕುಂತಿದ್ದವೋ!"

ನನಗೆ ತಡೆಯಲಾಗಲಿಲ್ಲ. ಒಂದು ನಿಮಿಷ ಒಳಗೆ ಬಂದು ನೋಡಿ ಹೋಗುತ್ತೇನೆ ಎಂದೆ. ಅವರು ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ್ರಿ. ನಿಮ್ಮಪ್ಪಾರ ನನ್ನ ನಂಬಿ ಕೀಲಿ ಕೊಟ್ಟಾರ. ನಾಳೆ ನಿಮಗೊಂದ ನೆಗಡಿ ಬಂದ್ರೂ ಅದು ನನ್ನ ತಲೀಗೆ ಬರತೈತಿ. ನಿಮಗ ಗೊತ್ತಿಲ್ಲ, ನನಗ ಗೊತ್ತೈತಿ."

ಅವ್ವನಿಗೆ ಗಿಳಿಗಳ ಸುದ್ದಿ ಹೇಳಿದವರು ಅವರೇ. ಆ ಹೊತ್ತಿಗೆ ಅವ್ವ ರವಿವಾರದ ದಾರಿ ಕಾಯುವುದನ್ನು ಕಲಿತಿದ್ದಳು. ಬಾಡಿಗೆ ಮನೆಯ ಹೊಸ್ತಿಲ ಒಳಗೆ ಅವ್ವ, ಹೊರಗೆ ಅಕ್ಕಾರು ಕುಳಿತು ತಾಸುಗಟ್ಟಲೆ ಮಾತಾಡುವರು. ಅಡುಗೆಮನೆ ಹೇಗಿದೆ, ಬಾವಿಯ ಗಡಗಡೆ ತುಕ್ಕು ಹಿಡಿದಿದೆಯೋ, ದುಂಡುಮಲ್ಲಿಗೆ ಬದುಕಿದೆಯೋ ಎಂದು ಅವ್ವ ಕೇಳಿದ್ದನ್ನೇ ಕೇಳುವಳು. ಗಿಳಿಗಳ ಮಾತು ಕೇಳಿ ಅವಳ ಕಣ್ಣಲ್ಲಿ ನೀರು ಬಂತು. "ನಾ ಸೊಸಿ ಆಗಿ ಬಂದಾಗ್ಲೇ ಸುಣ್ಣ ಇತ್ರಿ. ಅತ್ತಿ ಒಂದಿನಾನೂ ಹೇಳ್ಲಿಲ್ಲ," ಎಂದಳು. ಆಮೇಲೆ, ತನ್ನಷ್ಟಕ್ಕೇ ಎಂಬಂತೆ, "ಮನಿ ಹೊಕ್ಕ ದಿವಸ ನೀವ ಮೊದಲ ಉಣಬೇಕ್ ನೋಡ್ರಿ. ನಮ್ಮ ಪಡಸಾಲ್ಯಾಗ ಕುಂತು ಉಣಬೇಕು. ನಿಮ್ಮಿಂದ ಉಳದೈತಿ ಮನಿ," ಎಂದಳು. ಯಾರೂ ಹೇಳಿಕೊಡದೆ ಅವ್ವನ ಬಾಯಿಂದ ಬಂದ ಮಾತು ಅದು.

ಅಂದು ನಾವು ಬಸ್ಸಿನವರೆಗೂ ನಡೆದೆವು. ಅಕ್ಕಾರ ನಡಿಗೆಯ ಬಿರುಸು ಕಡಿಮೆಯಾಗಿತ್ತು. ಕೊಡೆಯನ್ನು ಒಂದು ಬಗಲಿಂದ ಇನ್ನೊಂದಕ್ಕೆ ಬದಲಿಸಿ, "ಒಂದ ಮನಿನರ ನನಗ ಎರಡೂ ನಮೂನಿ ನೋಡಬೇಕಾಗೈತ್ರಿ," ಎಂದರು. "ಖಾಲಿ ಇದ್ದಾಗ ನೋಡೇನಿ. ಮಂದಿ ತುಂಬಿದಾಗ ಆ ಬಿಸಲ ಅವರ ಮ್ಯಾಲ ಹೆಂಗ ಬೀಳ್ತೈತಿ ಅಂತ ನೋಡಬೇಕು. ಬೆಳಕಿಂಡಿ ಕೆಳಗ ಕುಂದರೂದಿಲ್ಲ, ಬಾಜೂಕ ಕುಂದರ್ತೇನಿ. ಕೆಳಗ ಕುಂತರ ಕಾಣಸೂದಿಲ್ಲ." ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನೂ ಅವರು ಯೋಚಿಸಿ ಇಟ್ಟಿದ್ದರು.

ಅವಧಿ ಮುಗಿಯಿತು. ಮನೆ ಹೊಗುವ ಮೊದಲು ಆಳುಗಳು ಬಂದು ತೊಳೆದು ಬಳಿದು ಸುಣ್ಣ ಹೊಡೆಯುವುದು ರೂಢಿ. ಅಜ್ಜಿಯ ಕೋಣೆಯ ಆ ಒಂದು ಗೋಡೆ ಬಿಡಿಸಿ ಎಂದು ಅಪ್ಪನಿಗೆ ಬೇಡಿಕೊಂಡಿದ್ದೆ. ಅವರು ಹೂಂ ಅಂದಿದ್ದರು. ಆದರೆ ಸುಣ್ಣ ಹೊಡೆಸಲು ನಿಂತವರು ಬೇರೆ ಊರಿನಿಂದ ಬಂದ ದೊಡ್ಡಪ್ಪ, ಅಪ್ಪನ ಅಣ್ಣ. ಸೂತಕದ ಮನೆಯಲ್ಲಿ ಒಂದು ಗೋಡೆ ಬಿಟ್ಟು ಸುಣ್ಣ ಹೊಡೆಯುವುದುಂಟೇ ಎಂದು ಎರಡು ಕೈ ಹೆಚ್ಚಿಗೆ ಹೊಡೆಸಿದರು. ನಾನು ಒಳಗೆ ಓಡಿ ನೋಡುವ ಹೊತ್ತಿಗೆ ಗೋಡೆ ಬೆಳ್ಳಗಿತ್ತು, ಇನ್ನೂ ಹಸಿಯಿತ್ತು. ನಮ್ಮ ಮನೆಯ ಗಿಳಿಗಳನ್ನು ನಾನು ನೋಡಲೇ ಇಲ್ಲ.

ಅಕ್ಕಾರು ಬಂದರು. ಹೊಸ ಇಳಕಲ್ ಸೀರೆ, ಕೈಯಲ್ಲಿ ಅವ್ವನಿಗೆಂದು ಒಂದು ಕುಬಸದ ಖಣ. ಅಂದು ಕೊಡೆ ಇರಲಿಲ್ಲ. ಬಾಗಿಲಲ್ಲಿ ನಿಂತರು. ಪಡಸಾಲೆಯಲ್ಲಿ ಬೀಗರು, ಅಯ್ಯನವರು, ನಡುವೆ ದೊಡ್ಡಪ್ಪ. ಅವ್ವ ಹೊರಗೆ ಬಂದಳು. ಅವಳ ಕಣ್ಣು ಒಮ್ಮೆ ಒಳಗೆ ಹೋಗಿ ದೊಡ್ಡಪ್ಪನನ್ನು ಮುಟ್ಟಿ ಬಂತು. ಖಣ ತಗೊಂಡಳು. ಆಮೇಲೆ, "ಬರ್ರಿ, ಇಲ್ಲೆ ಕುಂದರ್ರಿ. ಒಳಗ ಭಾಳ ಧಗಿ ಐತಿ. ಇಲ್ಲೆ ಗಾಳಿ ಛಲೋ ಬರತೈತಿ," ಎಂದು ಕಟ್ಟೆಯ ಮೇಲೆ ಚಾಪೆ ಹಾಸಿದಳು.

ಅಕ್ಕಾರು ಚಾಪೆ ನೋಡಿದರು. "ಹೌದ್ರಿ, ಗಾಳಿ ಛಲೋ ಐತಿ," ಎಂದು ಕುಳಿತರು. ಬಾಳೆ ಎಲೆ ಬಂತು, ಹೋಳಿಗೆ ಬಂತು. ಅವ್ವ ತುಪ್ಪವನ್ನು ಮೊಳದೆತ್ತರದಿಂದ ಬಡಿಸಿದಳು. ಅರ್ಧ ಎಲೆಯ ಹೊರಗೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ನನ್ನ ಎಲೆ ತಂದು ಅವರ ಪಕ್ಕದಲ್ಲಿ ಹಾಕಿಕೊಂಡು ಕುಳಿತೆ. ಅಕ್ಕಾರು ಸಣ್ಣ ದನಿಯಲ್ಲಿ, "ಏಳ್ರಿ. ನಿಮ್ಮ ಎಲಿ ಒಳಗ ಐತಿ," ಎಂದರು. ನಾನು ಏಳಲಿಲ್ಲ. "ಇದರ ಸಿಟ್ಟೂ ನನ್ನ ಮ್ಯಾಲ ಬರತೈತ್ರಿ. ನನ್ನ ಊಟ ನನಗ ಉಣ್ಣಾಕ ಬಿಡ್ರಿ," ಎಂದರು. ಹಾಗೆ ಅಂದ ಮೇಲೂ ಎದ್ದು ಹೋಗಲು ನನಗೆ ಆಗಲಿಲ್ಲ.

ಅಷ್ಟರಲ್ಲಿ ಒಳಗೆ ಗದ್ದಲ ಸುರುವಾಯಿತು. ಪೂಜೆಗೆ ಅಜ್ಜಿಯ ಹಿತ್ತಾಳೆ ದೀಪ ಬೇಕಾಗಿತ್ತು. ಮನೆ ಬಿಡುವ ಗಡಿಬಿಡಿಯಲ್ಲಿ ಅದನ್ನು ಜಗಲಿಯ ಮೇಲೇ ಬಿಟ್ಟುಹೋಗಿದ್ದೆವು, ಈಗ ಅಲ್ಲಿರಲಿಲ್ಲ. ಅಟ್ಟದ ಮೇಲೆ ನೋಡು, ಪೆಟ್ಟಿಗೆಯಲ್ಲಿ ನೋಡು ಎಂದು ಎಲ್ಲರೂ ಒಬ್ಬರಿಗೊಬ್ಬರು ಕೂಗುತ್ತಿದ್ದರು. ಹೊತ್ತು ಮೀರುತ್ತದೆಂದು ಅಯ್ಯನವರು ಗೊಣಗಿದರು. ಅಕ್ಕಾರು ಹೋಳಿಗೆ ಮುರಿಯುತ್ತಿದ್ದವರು ತಲೆಯೆತ್ತಿ, ತಮ್ಮ ತರಗತಿಯಲ್ಲಿ ಹೇಳುವಂತೆ ಗಟ್ಟಿಯಾಗಿ ಹೇಳಿಬಿಟ್ಟರು:

"ದೇವರಕೋಣ್ಯಾಗ ಎಡಗಡೆ ಮಾಡದಾಗ ಐತ್ರಿ, ಹಿಂದಕ ಸರಿಸಿ ಇಟ್ಟೇನಿ. ಜಗಲಿ ಮ್ಯಾಲ ಸೋರಾಕತ್ತಿತ್ತು."

ಗೋಡೆಯ ಗೂಡಿನಲ್ಲಿ ದೀಪ ಸಿಕ್ಕಿತು. ಆದರೆ ಒಳಗಿನವರೆಲ್ಲ ಬಾಗಿಲ ಕಡೆ ತಿರುಗಿದರು. ದೊಡ್ಡಪ್ಪ ಹೊಸ್ತಿಲಿಗೆ ಬಂದು ನಿಂತರು.

"ದೇವರಕೋಣಿಗೆ ಹೋಗಿದ್ದಿಯೇನ ನೀ?"

ನನಗಿಂತ ಹತ್ತು ವರ್ಷ ದೊಡ್ಡವರಿಗೆ, ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದವರಿಗೆ, ನೀ ಎಂದರು. ಅಪ್ಪ ಅವರ ಹಿಂದಿನಿಂದ, "ನಾ ಮಾಳಿಗಿ ಅಷ್ಟ ನೋಡ್ರಿ ಅಂದಿದ್ದೆ," ಎಂದು ತೊದಲಿದರು. ನೀರು ಜಗಲಿಯ ಮೇಲೆ ಸೋರುತ್ತಿದ್ದರೆ ಅದನ್ನು ಮಾಳಿಗೆಯಲ್ಲೇ ನಿಂತು ಹೇಗೆ ತಡೆಯಬೇಕಾಗಿತ್ತೋ ಅಪ್ಪನಿಗೇ ಗೊತ್ತು.

ಅಕ್ಕಾರು ಎದ್ದು ನಿಂತರು. ದನಿ ಏರಲಿಲ್ಲ.

"ಹೋಗಿದ್ದೆರಿ. ಬುಟ್ಟಿ ಇಟ್ಟು ನೀರ ಹಿಡದೆ, ಇಲ್ಲಂದ್ರ ಆ ಗ್ವಾಡಿ ಇರತಿದ್ದಿಲ್ಲ. ದೇವರ ಆಗ ಅಲ್ಲಿ ಇದ್ದಿಲ್ಲಲ್ರಿ, ನೀವು ಕರಕೊಂಡ ಹೋಗಿದ್ರಿ."

ದೊಡ್ಡಪ್ಪ ಧೋತರದ ಚುಂಗು ಕೊಡವಿ ಒಳಗೆ ಹೋದರು. ಅಕ್ಕಾರು ಮತ್ತೆ ಕುಳಿತು, ಎಲೆಯಲ್ಲಿದ್ದ ಹೋಳಿಗೆಯನ್ನು ಪೂರ್ತಿ ಉಂಡು, ಎಲೆ ತಾವೇ ಎತ್ತಿಕೊಂಡು ಹೋಗಿ ಹಾಕಿ, "ಹೋಳಿಗಿ ಭಾಳ ಮಿದು ಆಗ್ಯಾವ್ರಿ," ಎಂದು ಅವ್ವನಿಗೆ ಹೇಳಿ ಹೊರಟರು. ಅವರು ಓಣಿಯ ತಿರುವು ದಾಟುವ ಮೊದಲೇ ದೇವರಕೋಣೆಗೆ ಕೊಡಗಟ್ಟಲೆ ನೀರು ಬಿದ್ದ ಸಪ್ಪಳ ಕೇಳಿತು. ಅವರಿಗೂ ಕೇಳಿರಲೇಬೇಕು. ತಿರುಗಿ ನೋಡಲಿಲ್ಲ. ಅವ್ವ ಅಡುಗೆಮನೆಯ ಮೂಲೆಯಲ್ಲಿ ಆ ಖಣ ಹಿಡಿದುಕೊಂಡು ಬಿಕ್ಕುತ್ತಿದ್ದಳು. ನನಗೆ ಆ ಅಳುವಿನ ಮೇಲೂ ಸಿಟ್ಟು ಬಂತು.

ಮರುದಿನ ಸಾಲೆಯಲ್ಲಿ ಮುಖ ತೋರಿಸುವುದು ಹೇಗೆಂದು ನಾನು ಒದ್ದಾಡುತ್ತ ಹೋದೆ. ಅವರು ಹಾಜರಿ ಹಾಕಿ ಬಂದು, ಬಡೇಸೋಪು ಬಾಯಿಗೆ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ಕೇಳಿದರು.

"ಖರೇ ಹೇಳ್ರಿ, ಬಿಸಲ ಬಿತ್ತೇನು ಮಂದಿ ಮ್ಯಾಲ?"

"ನಮ್ಮ ದೊಡ್ಡಪ್ಪನ ಬೋಳ ತಲಿ ಮ್ಯಾಲ ಬಿದ್ದಿತ್ರಿ," ಎಂದೆ.

ಅವರು ಹೊಟ್ಟೆ ಹಿಡಿದು ನಕ್ಕರು. "ಪಾಪ, ಬಿಸಲಿಗಿ ಏನ ಗೊತ್ತಾಗತೈತಿ!" ಎಂದರು. ಗಿಳಿಗಳಿಗೆ ಸುಣ್ಣ ಹೊಡೆದದ್ದನ್ನು ಹೇಳಿದಾಗ ಮಾತ್ರ ನಗು ನಿಂತಿತು. ಕಿಟಕಿಯ ಹೊರಗೆ ನೋಡುತ್ತ, "ಇರಲಿ ಬಿಡ್ರಿ. ಕೆಳಗ ಅದಾವಲ್ಲ," ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ಗಣಿತಕ್ಕೆ ಹೋದರು.

ಅಂದಿನಿಂದ ಅವರು ಖಾಲಿ ಮನೆಗಳ ಹುಚ್ಚು ಬಿಟ್ಟರು ಎಂದು ಬರೆದರೆ ಕಥೆ ಚೆನ್ನಾಗಿ ಕೂಡುತ್ತಿತ್ತು. ಬಿಡಲಿಲ್ಲ. ರವಿವಾರಗಳು ಹಾಗೇ ನಡೆದವು, ನನಗೆ ಮದುವೆಯಾಗಿ ಧಾರವಾಡಕ್ಕೆ ಬರುವತನಕ ನಾನೂ ಜೊತೆಗೆ ಹೋದೆ. ಬದಲಾದದ್ದು ಒಂದೇ. ಜನ ವಾಸವಿರುವ ಮನೆಯ ಮೆಟ್ಟಿಲನ್ನು ಅವರು ಮತ್ತೆ ಹತ್ತಲಿಲ್ಲ. ಸಾಲೆಯ ಮಕ್ಕಳ ಮನೆಗಳಿಂದ ಮದುವೆಗೆ, ತೊಟ್ಟಿಲಿಗೆ ಕರೆ ಬರುತ್ತಿತ್ತು. ಉಡುಗೊರೆ ಕಳಿಸುವರು, ತಾವು ಹೋಗುತ್ತಿರಲಿಲ್ಲ. ಪ್ರೀತಿಯಿಂದ ಕರೆದವರಿಗೂ ಅಷ್ಟೇ. ಒಮ್ಮೆ ಹಸೆ ಹಾಸಿ ಕರೆದು ಎಬ್ಬಿಸಿದರೆ ಆಗುವ ಗಾಯ ಬೇರೆಯದೇ ಇರಬೇಕು. ಮೊದಲೇ ಕರೆಯದಿದ್ದವರು ಅಷ್ಟು ಗಾಯ ಮಾಡಲಾರರು.

ನಾನೂ ನನ್ನ ಗಂಡನೂ ಅರವತ್ತರ ದಶಕ ಮುಗಿಯುವ ಹೊತ್ತಿಗೆ ಧಾರವಾಡದಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡೆವು. ಅಪ್ಪ, ದೊಡ್ಡಪ್ಪ, ಅಯ್ಯನವರು ಯಾರಿಗೂ ಅಧಿಕಾರವಿಲ್ಲದ, ನನ್ನ ಮಾತು ನಡೆಯುವ ಮನೆ. ಪಡಸಾಲೆಗೆ ಹಟ ಹಿಡಿದು ಬೆಳಕಿಂಡಿ ಬಿಡಿಸಿದ್ದೆ. ಅಜ್ಜಿಯ ಗಿಳಿಗಳನ್ನು, ಅಕ್ಕಾರ ಬಾಯಲ್ಲಿ ಕೇಳಿದ ಹಾಗೆಯೇ, ಒಂದು ಗೋಡೆಗೆ ಬರೆಸಿದ್ದೆ. ಮೊದಲ ಕರೆ ಅವರಿಗೇ ಹೋಯಿತು. ಊಟಕ್ಕೆ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಬಂದರು. ಬಸ್ಸಿಳಿದು, ಬಿಸಿಲಲ್ಲಿ ನಡೆದು, ಗೇಟಿನವರೆಗೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನಾನು ಓಡಿಹೋಗಿ ಕೈ ಹಿಡಿದುಕೊಂಡೆ. ಮನೆಯನ್ನು ಮೇಲಿಂದ ಕೆಳಗೆ ನೋಡಿ, "ಛಲೋ ಕಟ್ಟೀರಿ," ಎಂದರು. ಒಳಗೆ ಬನ್ನಿ ಎಂದೆ. ಅವರ ಕೈ ನನ್ನ ಕೈಯಲ್ಲೇ ಇತ್ತು, ಕಾಲು ಮಾತ್ರ ಏಳಲಿಲ್ಲ.

"ನಮ್ಮ ಮನ್ಯಾಗ ಏನೂ ಅನ್ನಾವ್ರು ಯಾರೂ ಇಲ್ರಿ ಅಕ್ಕಾರ. ಗಿಳಿ ಬರಸೇನ್ರಿ. ನೀವು ಹೇಳಿದಂಗ, ಒಂದು ಹಿಂದಕ್ಕ ನೋಡೂವಂಗ. ನೀವು ನೋಡಿ ಹೌದೋ ಅಲ್ಲೋ ಹೇಳಬೇಕು."

"ಗೊತ್ತೈತ್ರಿ. ನೀವು ಅನ್ನೂದಿಲ್ಲ." ಅವರು ನನ್ನ ಕೈ ಮೇಲೆ ಮೆಲ್ಲಗೆ ತಟ್ಟಿದರು. "ನನ್ನ ಕಾಲ ಒಲ್ಲೆ ಅಂತಾವು. ನಾ ಅವಕ್ಕ ಹೇಳಿ ನೋಡೇನಿ, ಕೇಳೂದಿಲ್ಲ."

ನಾನು ಅತ್ತೆ. ಬೇಡಿಕೊಂಡೆ. ಕಾಲು ಹಿಡಿಯಲಿಕ್ಕೂ ಬಗ್ಗಿದೆ; ಅವರು ಹಿಡಿದೆತ್ತಿದರು. ಕೊಡೆ ಬಿಚ್ಚಿ ನನ್ನ ತಲೆಯ ಮೇಲೂ ನೆರಳು ಬರುವ ಹಾಗೆ ಹಿಡಿದರು. ಹೊರಡುವಾಗ ನಗುತ್ತಲೇ ಹೇಳಿದರು. ಆ ನಗುವಿಗೆ ಕೂಡಿಕೊಳ್ಳಲು ಅಂದು ನನಗೆ ಆಗಲಿಲ್ಲ.

"ಈ ಮನಿ ಬಿಟ್ಟ ದಿವಸ ಹೇಳಿ ಕಳಸ್ರಿ. ಬಂದು ನೋಡಿ ಹೋಗ್ತೇನಿ."

ಆ ಮನೆಯಲ್ಲಿ ನಾನು ಇನ್ನೂ ಇದ್ದೇನೆ. ಅವರಿಗೆ ಅದರ ಒಳಗನ್ನು ನೋಡುವುದಾಗಲಿಲ್ಲ.